ಹಳೇ ಎಂಜಿನ್ನಿನ ಥಾರ್ ತಗೋಬಹುದಾ? ಓಡಿಸಿದವರು ಹೇಳಿ

ಹೊಳಲ್ಕೆರೆ ಹತ್ತಿರದ ಹಳ್ಳಿಯಿಂದ ಕೇಳುತ್ತಿದ್ದೇನೆ. ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ರಸ್ತೆಯಿಂದ ತೋಟಕ್ಕೆ ಒಂದೂವರೆ ಕಿಲೋಮೀಟರ್ ಎರೆಮಣ್ಣಿನ ಬಂಡಿದಾರಿ, ನಡುವೆ ಒಂದು ಹಳ್ಳ. ಮಳೆ ಬಂದರೆ ಬೈಕೂ ಹೋಗುವುದಿಲ್ಲ. ಭೀಮಸಮುದ್ರದ ಕಡೆಯವರೊಬ್ಬರು 2011ರ ಮಹೀಂದ್ರಾ ಥಾರ್ ಜೀಪ್ ಮಾರುತ್ತಿದ್ದಾರೆ, ಡಿಐ ಅನ್ನುವ ಹಳೇ ಮಾದರಿ ಡೀಸೆಲ್ ಎಂಜಿನ್ನಿನದು, ಫೋರ್ ವ್ಹೀಲ್ ಡ್ರೈವ್. 4.5 ಲಕ್ಷ ಹೇಳುತ್ತಿದ್ದಾರೆ. ಪವರ್ ಸ್ಟೀರಿಂಗ್ ಇಲ್ಲ, ಎಸಿ ಇಲ್ಲ. ನಮ್ಮ ಭಾವ ಮಾತ್ರ "ಆ ಎಂಜಿನ್ ಯಾವ ಕಾಲದ್ದೋ, ದುಡ್ಡು ನೀರಿಗೆ ಹಾಕಬೇಡ" ಅಂತಾರೆ. ಮನೆಯಲ್ಲಿ ಬೇರೆ ಕಾರಿಲ್ಲ. ತಿಂಗಳಿಗೊಮ್ಮೆ ಅಮ್ಮನನ್ನು ದಾವಣಗೆರೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಏನು ಮಾಡಲಿ?

ಚಿತ್ರದುರ್ಗದಿಂದ:

ತಮ್ಮಾ, ನಾನು 2012ರ ಡಿಐ ಥಾರನ್ನು 2016ರಲ್ಲಿ ಕೊಂಡು ಇವತ್ತಿಗೂ ಓಡಿಸುತ್ತಿದ್ದೇನೆ. ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಎಂಜಿನ್ ಹಳೇದೇ. 2523 ಸಿಸಿ, ಶಕ್ತಿ ಬರೀ 63 ಎಚ್‌ಪಿ. ಅದೇ ಕಾಲದಲ್ಲಿ ಹೊಸ ಮಾದರಿ ಡೀಸೆಲ್ ಎಂಜಿನ್ನಿನ ಸಿಆರ್‌ಡಿಇ ಥಾರ್‌ಗೆ 105 ಇತ್ತು. ಹೈವೇಗೆ ಬಂದ ಕೂಡಲೇ ಈ ವ್ಯತ್ಯಾಸ ಗೊತ್ತಾಗುತ್ತದೆ. ದುರ್ಗದಿಂದ ದಾವಣಗೆರೆಗೆ ಹೋಗುವಾಗ ನಾನು ಎಪ್ಪತ್ತರ ಮೇಲೆ ಹೋಗುವುದಿಲ್ಲ. ಲಾರಿ ಹಿಂದೆ ಹಾಕಬೇಕಾದರೆ ಮುಂದಿನ ಅರ್ಧ ಕಿಲೋಮೀಟರ್ ನೋಡಿಕೊಂಡೇ ಹೊರಡಬೇಕು.

ಆದರೆ ನಿಮ್ಮ ತೋಟದ ದಾರಿಗೆ ಆ 105 ಬೇಕಾಗಿಯೇ ಇಲ್ಲ. ಈ ಎಂಜಿನ್ 1500 ಆರ್‌ಪಿಎಂನಲ್ಲೇ ಎಳೆಯಲು ಶುರು ಮಾಡುತ್ತದೆ. ಫೋರ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಗೇರ್) ಹಾಕಿ, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಸುಮ್ನೆ ಕೂತರೂ ಗಾಡಿ ಎತ್ತಿನ ಹಾಗೆ ನಡೆದುಕೊಂಡು ಹೋಗುತ್ತದೆ. ಎರೆಮಣ್ಣಿನಲ್ಲಿ ಬೇಕಾದದ್ದು ಅದೇ. ಜೋರಾಗಿ ಒತ್ತಿದರೆ ಚಕ್ರ ತಿರುಗಿ ಗುಂಡಿ ತೋಡಿಕೊಳ್ಳುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಇದೇ ಎಂಜಿನ್ ಬೊಲೆರೊ ಪಿಕಪ್‌ಗಳಲ್ಲಿ ವರ್ಷಗಟ್ಟಲೆ ಓಡಿದೆ. ನಮ್ಮ ಜಿಲ್ಲೆಯಲ್ಲಿ ಈರುಳ್ಳಿ ಹೊತ್ತ ಪಿಕಪ್ ಇಲ್ಲದ ಊರು ಯಾವುದಿದೆ? ಅದಕ್ಕೇ ಇದರ ಕೆಲಸ ಗೊತ್ತಿರುವ ಮೇಸ್ತ್ರಿ ಹೋಬಳಿಗೊಬ್ಬರು ಸಿಗುತ್ತಾರೆ. ಡೀಸೆಲ್ ಪಂಪ್, ನಾಝಲ್, ಹೆಡ್ ಗ್ಯಾಸ್ಕೆಟ್ ಯಾವುದಕ್ಕೂ ಲ್ಯಾಪ್‌ಟಾಪ್ ಹಾಕಿ ನೋಡುವ ಕೆಲಸವಿಲ್ಲ. ಎಂಜಿನ್ ಹಳೇದು ಅನ್ನುವುದನ್ನು ನಾನು ಈ ಗಾಡಿಯ ತಪ್ಪು ಅಂತ ಎಣಿಸುವುದೇ ಇಲ್ಲ. ಹಳ್ಳಿಯಲ್ಲಿ ಇರುವವನಿಗೆ ಅದು ಅನುಕೂಲ.

ನೀವು ಹೆದರಬೇಕಾದದ್ದು ಗಾಡಿಯ ಕೆಳಗಿನ ಭಾಗಕ್ಕೆ. ನಾನು ಅದನ್ನು ನೋಡದೆ ತಗೊಂಡು ಅನುಭವಿಸಿದೆ. ಪೇಂಟು ಹೊಳೆಯುತ್ತಿತ್ತು, ಟೈರು ಹೊಸದು, ಮರುಳಾದೆ. ಎರಡು ತಿಂಗಳಿಗೆ ಹಿಂದಿನ ಹೌಸಿಂಗ್‌ನಿಂದ, ಅಂದರೆ ಎರಡು ಚಕ್ರಗಳ ನಡುವಿನ ಗೇರ್ ಪೆಟ್ಟಿಗೆಯಿಂದ, ಗುಂಯ್ ಅಂತ ಶಬ್ದ. ಬಿಚ್ಚಿಸಿದರೆ ಒಳಗಿನ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣ. ಯಾವಾಗಲೋ ನೀರಿಗಿಳಿದ ಗಾಡಿ. ನೀರು ಒಳಗೆ ಸೇರಿದೆ, ಯಾರೂ ಎಣ್ಣೆ ಬದಲಿಸಿಲ್ಲ. ಬೇರಿಂಗ್, ಒಳಗಿನ ಕ್ರೌನ್, ಪಿನಿಯನ್ ಗೇರು ಎಲ್ಲ ಹೋಗಿತ್ತು. ಎಂಜಿನ್ನಿಗೆ ಇಷ್ಟು ವರ್ಷದಲ್ಲಿ ಹಾಕಿದ ದುಡ್ಡಿಗಿಂತ ಜಾಸ್ತಿ ಆ ಒಂದು ಸಲಕ್ಕೆ ಹೋಯಿತು. ಹಾಗಾಗಿ ನೋಡಲು ಹೋದಾಗ ಹಿಂದಿನ, ಮುಂದಿನ ಎರಡೂ ಹೌಸಿಂಗ್‌ನ ಫಿಲ್ಲರ್ ನಟ್ ಬಿಚ್ಚಿಸಿ ಬೆರಳು ಹಾಕಿ ನೋಡಿ. ಮಾರುವವರು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ.

ಬೆಳಗ್ಗೆ ಹೋಗಿ. ಹಿಂದಿನ ದಿನವೇ ಫೋನ್ ಮಾಡಿ "ಸ್ಟಾರ್ಟ್ ಮಾಡಬೇಡಿ, ನಾನೇ ಮಾಡ್ತೀನಿ" ಅಂತ ಹೇಳಿರಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿರುವಾಗ ಹೇಗೆ ಹತ್ತುತ್ತದೆ ಅನ್ನುವುದೇ ಡೀಸೆಲ್ ಎಂಜಿನ್ನಿನ ಆರೋಗ್ಯ. ಹತ್ತಿದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ವಲ್ಪ ಹಬೆ ಬಂದರೆ ಪರವಾಗಿಲ್ಲ. ಬುಸ್ಸಂತ ಹೊಗೆ ಎದ್ದರೆ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿದೆ, ಪೂರ್ತಿ ಎಂಜಿನ್ ಕೆಲಸ ಕಾದಿದೆ. ಏರಿನಲ್ಲಿ ಚೂರು ಕಪ್ಪು ಹೊಗೆ ಈ ಗಾಡಿಗಳ ಸ್ವಭಾವ. ನೀಲಿ ಹೊಗೆ ಬೇಡವೇ ಬೇಡ.

ಚಾಸಿಯನ್ನು (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಉದ್ದಕ್ಕೂ ಸ್ಪ್ಯಾನರ್‌ನಿಂದ ತಟ್ಟುತ್ತಾ ಹೋಗಿ, ಮುಖ್ಯವಾಗಿ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಕೂರುವ ಜಾಗ. ಟಣ್ ಅನ್ನಬೇಕು. ಮೊದ್ದಾಗಿ ಕೇಳಿದರೆ ಒಳಗೆ ತುಕ್ಕು. ಹೊಸ ವೆಲ್ಡಿಂಗ್ ಕಂಡರೆ ಯಾಕೆ ಅಂತ ಕೇಳಿ.

ಫೋರ್ ವ್ಹೀಲನ್ನು ಮಣ್ಣಿನಲ್ಲೇ ಹಾಕಿ ನೋಡಿ, ಡಾಂಬರಿನ ಮೇಲೆ ಬೇಡ. ಇದರಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗಲು ಹೋಗಿ ಗಂಟು ಬೀಳುತ್ತವೆ. ಮಣ್ಣಾದರೆ ಚಕ್ರ ಜಾರಿ ಅದು ಬಿಡಿಸಿಕೊಳ್ಳುತ್ತದೆ, ಡಾಂಬರಿನಲ್ಲಿ ಗೇರೇ ಹಾಳು. ಲೋ ಹಾಕಲು ಲಿವರ್ ಬಿಗಿಯಾಗಿದ್ದರೆ ವರ್ಷಗಳಿಂದ ಬಳಸಿಲ್ಲ ಅಂತ. ಆದರೆ ಹಾಕಿದ ಮೇಲೆ ತಾನಾಗಿ ಹೊರಗೆ ಹಾರಿದರೆ ಆ ಗಾಡಿಯೇ ಬೇಡ.

ಹಿರಿಯೂರಿನಿಂದ:

ನಾನು ಅಮ್ಮನ ವಿಷಯ ಹೇಳುತ್ತೇನೆ, ಅಣ್ಣ. ನಮ್ಮ ಅಪ್ಪಾಜಿ ಹತ್ತಿರ 1998ರ ಮಾರುತಿ ಜಿಪ್ಸಿ ಕಿಂಗ್ ಇತ್ತು. 1298 ಸಿಸಿ ಪೆಟ್ರೋಲ್, ಕಾರ್ಬ್ಯುರೇಟರ್ ಎಂಜಿನ್. ಮಾರಿಕಣಿವೆ ಹಿನ್ನೀರಿನ ಕಡೆ ನಮ್ಮ ಹೊಲ. ಹಗುರ ಗಾಡಿ, ಕೆಸರಲ್ಲಿ ಹೂತುಕೊಂಡಿದ್ದು ನನಗೆ ನೆನಪಿಲ್ಲ. ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಆದರೂ ಅಪ್ಪಾಜಿ ಅದನ್ನು ಮಗುವಿನ ಹಾಗೆ ನೋಡಿಕೊಂಡರು.

ಅಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ಗೊತ್ತಾಯಿತು. ನಾಲ್ಕೂ ಕಡೆ ಕಮಾನು ಪಟ್ಟಿ ಇರುವ ಗಾಡಿ, ಒಂದೊಂದು ಹಂಪ್‌ಗೂ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನೀವು ಹೇಳುವ ಡಿಐ ಥಾರ್‌ನಲ್ಲೂ ನಾಲ್ಕೂ ಕಡೆ ಪಟ್ಟಿಯೇ. ಹಿಂದಿನ ಸೀಟು ಅಡ್ಡಡ್ಡ, ಎದುರುಬದುರು ಕೂರುವಂಥದ್ದು. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ತೋಟಕ್ಕೆ ಚೆನ್ನ. ಹೈವೇನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗಲು ನಾನಾದರೆ ಒಪ್ಪುವುದಿಲ್ಲ. ದುಡ್ಡು ಕೊಡುವ ಮುಂಚೆ ಒಂದು ಸಲ ಅಮ್ಮನನ್ನು ಹತ್ತಿಸಿ ನೋಡಿ.

ದಾವಣಗೆರೆಯಿಂದ:

ಕಾಗದ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. 2011ರ ಗಾಡಿ ಅಂದರೆ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ, 2026ರಲ್ಲಿ ಮುಗಿಯುತ್ತದೆ. ಮುಗಿಯುವ 60 ದಿನ ಮೊದಲಿನಿಂದ ನವೀಕರಣದ ಅರ್ಜಿ, ಫಾರ್ಮ್ 25, ಹಾಕಬಹುದು. ಗಾಡಿ ತೋರಿಸಿ ಪಾಸಾದರೆ ಇನ್ನೈದು ವರ್ಷ. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ. ಇದರ ಮೇಲೆ ಹಸಿರು ತೆರಿಗೆ ಬೇರೆ. ಇದನ್ನೆಲ್ಲ ಹೇಳಿ ಬೆಲೆ ಇಳಿಸಿ.

ನಾನು ಮಹೀಂದ್ರಾದ ಹಳೇ ಎಂಎಂ 540 ಜೀಪ್ ತಗೊಂಡಿದ್ದೆ, ಪ್ಯೂಜೊ ಡೀಸೆಲ್ ಎಂಜಿನ್ನಿನದು ಅಂತ ಆಸೆಪಟ್ಟು. ನವೀಕರಣಕ್ಕೆ ಹೋದಾಗ ಎಂಜಿನ್ ನಂಬರ್ ಆರ್‌ಸಿಗೆ ಹೊಂದಲೇ ಇಲ್ಲ. ಮಾರಿದವರು ಬೇರೆ ಎಂಜಿನ್ ಕೂರಿಸಿ ಬಾಯಿ ಬಿಟ್ಟಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಹಾಗೆ ಸುಮ್ಮನೆ ಬದಲಿಸುವಂತಿಲ್ಲ. ಆರು ತಿಂಗಳು ಜೀಪ್ ಮನೆ ಮುಂದೆ ನಿಂತಿತ್ತು. ಆ ಸಂಕಟ ನಿಮಗೆ ಬೇಡ. ಆರ್‌ಸಿ ಕೈಯಲ್ಲಿ ಹಿಡಿದು ಎಂಜಿನ್, ಚಾಸಿ ಎರಡರ ನಂಬರನ್ನೂ ಒಂದೊಂದೇ ಅಂಕಿ ಓದಿ. ಅದರಲ್ಲಿ ಹಳೇ ಸಾಲ ಬರೆದಿದ್ದರೆ, ಸಾಲ ತೀರಿದೆ ಅನ್ನುವ ಫಾರ್ಮ್ 35 ಕೈಗೆ ಬರುವವರೆಗೂ ಪೂರ್ತಿ ದುಡ್ಡು ಕೊಡಬೇಡಿ.

ಕೇಳಿದವನೇ ಮತ್ತೆ ಬರೆಯುತ್ತಿದ್ದೇನೆ:

ಎಲ್ಲರಿಗೂ ತುಂಬಾ ಉಪಕಾರವಾಯಿತು. ಮೊದಲ ದಿನ ಹೋದಾಗ ಬಾನೆಟ್ ಬೆಚ್ಚಗಿತ್ತು. ಹೇಳಿ ವಾಪಸ್ ಬಂದೆ. ಎರಡನೇ ಸಲ ನಿಜವಾಗಿಯೂ ತಣ್ಣಗಿತ್ತು, ಎರಡನೇ ಸಲ ಸೆಲ್ಫ್ ಹೊಡೆದಾಗ ಹತ್ತಿತು. ಆಯಿಲ್ ಮುಚ್ಚಳ ತೆಗೆದರೆ ಹಬೆ ಅಷ್ಟೇ. ಚಾಸಿ ಟಣ್ ಅಂತು. ನಂಬರ್ ಎರಡೂ ಸರಿ, ಸಾಲ ಏನೂ ಇಲ್ಲ. ಹಿಂದಿನ ಹೌಸಿಂಗ್ ಎಣ್ಣೆ ಕಪ್ಪಗೆ ಚೆನ್ನಾಗಿತ್ತು. ಮುಂದಿನದು ಮಾತ್ರ ಅಣ್ಣ ಹೇಳಿದ ಕಾಫಿ ಬಣ್ಣ. ಅದನ್ನು ತೋರಿಸಿದ ಮೇಲೆ 3.8ಕ್ಕೆ ಇಳಿದಿದ್ದಾರೆ.

ಅಮ್ಮನನ್ನೂ ಕರ್ಕೊಂಡು ಹೋಗಿದ್ದೆ. ಸ್ಟೂಲ್ ಹಾಕಿದರೂ ಮುಂದಿನ ಸೀಟಿಗೆ ಕಾಲು ಎತ್ತಿ ಇಡಲು ಆಗಲಿಲ್ಲ. "ನನ್ನ ಚಿಂತೆ ಬಿಡು, ನಾನು ಬಸ್ಸಿಗೆ ಬರ್ತೀನಿ" ಅಂದರು. ಬಸ್ಸಿಗೆ ಬೇಡ, ತಿಂಗಳಿಗೊಮ್ಮೆ ಊರಿನ ಬಾಡಿಗೆ ಕಾರು ಮಾಡುತ್ತೇನೆ. ಥಾರ್ ತೋಟಕ್ಕೆ ಮಾತ್ರ. ಭಾನುವಾರ ನಮ್ಮ ಮೇಸ್ತ್ರಿ ಬಂದು ಮುಂದಿನ ಹೌಸಿಂಗ್ ಬಿಚ್ಚಿ ನೋಡುತ್ತಾರೆ. ಕ್ರೌನ್ ಸವೆದಿಲ್ಲ ಅಂದರೆ ಅಲ್ಲೇ ಅಡ್ವಾನ್ಸ್ ಕೊಡುತ್ತೇನೆ.