ಆಗಸ್ಟ್ 6ಕ್ಕೆ ಅಪ್ಪ ಒಬ್ಬರೇ ಬೋರ್ಡ್ ಹಿಡಿದು ನಿಲ್ಲುತ್ತಾರೆ, ಇದರಿಂದ ಏನಾದರೂ ಆಗುತ್ತದಾ?

ಕಾಳಿ_ದಂಡೆ, ಕಾರವಾರ
ನನ್ನ ಅಪ್ಪ ರಿಟೈರ್ ಆದ ಕನ್ನಡ ಮಾಸ್ತರು, ಈಗ 76. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ಆದಾಗ ನಮ್ಮ ಕೇರಿಯಲ್ಲಿ ಪೇಡೆ ಹಂಚಿದ್ದರು, ಅಪ್ಪ ತಗೊಳ್ಳಲಿಲ್ಲ. ಆ ವರ್ಷ ಹಿರೋಶಿಮಾ ದಿನ ಬೆಳಿಗ್ಗೆ 8:15ಕ್ಕೆ ಟಾಗೋರ್ ಬೀಚಿಗೆ ಹೋಗಿ ‘ಅಣುಬಾಂಬ್ ಬೇಡ’ ಅಂತ ಬರೆದ ರಟ್ಟು ಹಿಡಿದು ನಿಂತರು. ಅವತ್ತಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಈಗ ನಿಲ್ಲುವುದು ಚಪಲ್ ಯುದ್ಧನೌಕೆ ಮ್ಯೂಸಿಯಂ ಹತ್ತಿರ.

ಆಗಸ್ಟ್ ಅಂದರೆ ನಮ್ಮಲ್ಲಿ ಮಳೆ ಹೇಗಿರುತ್ತದೆ ಗೊತ್ತಲ್ವಾ. ರಟ್ಟಿಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ತಿ ಟೇಪ್ ಹಾಕುತ್ತಾರೆ, ಆದರೂ ಒಂಬತ್ತು ಗಂಟೆಗೆ ‘ಬೇಡ’ ಅಳಿಸಿ ಹೋಗಿ ‘ಅಣುಬಾಂಬ್’ ಮಾತ್ರ ಉಳಿದಿರುತ್ತದೆ. ಒಂದು ಸಲ ಅದನ್ನು ನೋಡಿ ಯಾರೋ ಹುಡುಗರು ಜೈ ಅಂದು ಹೋದರಂತೆ!

ಈಗ ಮೊಣಕಾಲು ನೋವು. ಮೊನ್ನೆ ಊಟಕ್ಕೆ ಕೂತಾಗ, “ಬರುವ ವರ್ಷದಿಂದ ನೀನು ನಿಲ್ಲುತ್ತೀಯೇನೋ?” ಅಂದರು. ನಾನು ಸಾರು ಬಡಿಸಿಕೊಳ್ಳುತ್ತಾ ಸುಮ್ನಿದ್ದೆ. ಹೀಗೆ ಜೀವನಪೂರ್ತಿ ನಿಂತವರು ಬೇರೆ ಯಾರಾದರೂ ಇದ್ದಾರಾ? ಏನಾದರೂ ಆಯಿತಾ? ಸಮಾಧಾನದ ಮಾತು ಬೇಡ, ಖರೇ ಹೇಳಿ.

ಮಲೆನಾಡು_ಮಾಣಿ, ಶಿರಸಿ
ಇದ್ದರು. ಕಾನ್ಸೆಪ್ಸಿಯಾನ್ ಪಿಚ್ಚಿಯೊಟ್ಟೊ. ಸ್ಪೇನಿನಿಂದ ಅಮೆರಿಕಕ್ಕೆ ಹೋದವರು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ ಮನೆ ಇದೆಯಲ್ಲ, ಶ್ವೇತಭವನ, ಅದರ ಎದುರು ಪಾರ್ಕಿನಲ್ಲಿ 1981ರಲ್ಲಿ ವಿಲಿಯಂ ಥಾಮಸ್ ಅನ್ನುವವರು ಬೋರ್ಡ್ ಇಟ್ಟು ಕೂತರು. ಅದೇ ವರ್ಷ ಈಕೆ ಜೊತೆಗೂಡಿದರು. 2016ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಅದೇ ಜಾಗ. ರೇಗನ್‌ನಿಂದ ಒಬಾಮಾವರೆಗೆ ಐದು ಜನ ಅಧ್ಯಕ್ಷರು ಎದುರಿನ ಮನೆಗೆ ಬಂದರು.

ನಿಮ್ಮ ಅಪ್ಪನಿಗೆ ಮಳೆ, ಈಕೆಗೆ ಹಿಮ. ಅದಕ್ಕಿಂತ ಕಷ್ಟ ಅಲ್ಲಿನ ನಿಯಮ. ಬೋರ್ಡ್ ಬಿಟ್ಟು ಹೋಗುವ ಹಾಗಿಲ್ಲ, ಯಾರಾದರೂ ಪಕ್ಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಪೊಲೀಸರು ಎತ್ತಿಕೊಂಡು ಹೋಗಬಹುದು. 2013ರಲ್ಲಿ ಕಾವಲಿಗಿದ್ದ ಒಬ್ಬ ಎದ್ದು ಹೋದ, ಅಷ್ಟರಲ್ಲಿ ಎಲ್ಲ ತೆಗೆದುಬಿಟ್ಟಿದ್ದರು, ಆಮೇಲೆ ಮತ್ತೆ ತಂದು ಇಟ್ಟರು. ನನಗಂತೂ ದೊಡ್ಡ ಭಾಷಣಕ್ಕಿಂತ ಇದೇ ಜಾಸ್ತಿ ಅನ್ನಿಸುತ್ತದೆ, ರಾತ್ರಿ ಎರಡಕ್ಕೆ ಯಾರು ಕೂರುವುದು, ಊಟಕ್ಕೆ ಹೋದಾಗ ಯಾರು ಕೂರುವುದು ಅನ್ನುವ ಲೆಕ್ಕ, ಅದೂ ಮೂವತ್ತು ಚಿಲ್ಲರೆ ವರ್ಷ.

ಏನಾಯಿತು ಅಂದಿರಿ. ಈ ಜನ ಸಹಿ ಸಂಗ್ರಹ ಮಾಡಿ, 1993ರಲ್ಲಿ ಅಣ್ವಸ್ತ್ರ ಬೇಡ ಅನ್ನುವ ಪ್ರಸ್ತಾಪ ವಾಷಿಂಗ್ಟನ್ ನಗರದಲ್ಲಿ ಮತಕ್ಕೆ ಬಂತು, ಗೆದ್ದಿತು. ಅದರ ಮೇಲೆ ಅಮೆರಿಕದ ಸಂಸತ್ತಿನಲ್ಲಿ ಮಸೂದೆಯೂ ಮತ್ತೆ ಮತ್ತೆ ಮಂಡನೆಯಾಯಿತು. ಪಾಸ್ ಆಗಲಿಲ್ಲ. ಖರೇ ಕೇಳಿದಿರಲ್ಲ, ಅದಕ್ಕೇ ಹೇಳಿದೆ.

ಮಲ್ಲಾಪುರದವ
ಮಾಸ್ತರರ ಬಗ್ಗೆ ಗೌರವ ಇದೆ. ಆದರೆ ನಾನು ಕೈಗಾದಲ್ಲಿ ಕೆಲಸ ಮಾಡಿದವ, ಜನ ಸ್ಥಾವರ ಬೇರೆ ಬಾಂಬ್ ಬೇರೆ ಅನ್ನುವುದನ್ನೇ ಮರೆಯುತ್ತಾರೆ. ಇಲ್ಲಿ 220 ಮೆಗಾವಾಟಿನ ನಾಲ್ಕು ಘಟಕ ಇವೆ, ಕರೆಂಟಿಗೆ. ಇನ್ನು ಬಾಂಬ್, ಅಕ್ಕಪಕ್ಕದ ಎರಡೂ ದೇಶದವರ ಹತ್ತಿರ ಇರುವಾಗ ನಾವು ಮಾತ್ರ ಬೇಡ ಅಂದರೆ ಹೇಗೆ ಮಾರಾಯ್ರೆ? ನಾವೇ ಮೊದಲು ಹಾಕುವುದಿಲ್ಲ ಅಂತ ನಮ್ಮ ದೇಶ ಹೇಳಿದೆಯಲ್ಲ. ಕಾರಂತರಂಥವರೇ 1989ರಲ್ಲಿ ಕೈಗಾ ವಿಷಯ ಇಟ್ಟುಕೊಂಡು ಇಲ್ಲಿ ಲೋಕಸಭೆಗೆ ನಿಂತು ಸೋತರು.

ಅಂಕೋಲೆ_ಅಕ್ಕ
ಸೋತರು ಹೌದು. 87ನೇ ವಯಸ್ಸಿನಲ್ಲಿ ಊರೂರು ತಿರುಗಿ ಸೋತರು, ಅದನ್ನೂ ಸೇರಿಸಿ ಅಣ್ಣ. ಸ್ಥಾವರ ಬೇರೆ ಅನ್ನುವುದು ಒಪ್ಪಿದೆ, ತಮ್ಮ ಕೇಳಿದ್ದೂ ಬಾಂಬಿನ ಬಗ್ಗೆಯೇ.

ನಮ್ಮೂರಲ್ಲಿ 1930ರಲ್ಲಿ ಉಪ್ಪಿನ ಕಾಯ್ದೆ ಮುರಿದರು. ಶಿರಸಿ ಸಿದ್ದಾಪುರದ ಕಡೆ ಕರ ಕೊಡದೆ ಜಮೀನು ಜಪ್ತಿ ಮಾಡಿಸಿಕೊಂಡರು. ಉಪ್ಪು ಕೈಯಲ್ಲಿ ಹಿಡಿಯಬಹುದು, ಕರ ಕೊಡದೇ ಇರಬಹುದು. ಬಾಂಬನ್ನು ನಾವು ಕಂಡೇ ಇಲ್ಲ, ಏನನ್ನು ಮುರಿಯುವುದು, ಏನನ್ನು ಕೊಡದೇ ಇರುವುದು? ಸುಮ್ನೆ ನಿಲ್ಲುವುದೊಂದೇ ಉಳಿಯುತ್ತದೆ.

ಆದರೂ ಆದದ್ದು ಇದೆ. ಇಂಗ್ಲೆಂಡಿನ ಗ್ರೀನಂ ಕಾಮನ್ ವಾಯುನೆಲೆಗೆ ಅಮೆರಿಕದ ಅಣ್ವಸ್ತ್ರ ಕ್ಷಿಪಣಿ ತರುತ್ತಾರೆ ಅಂತ ಗೊತ್ತಾಗಿ 1981ರಲ್ಲಿ ಕೆಲವು ಹೆಂಗಸರು ಕಾರ್ಡಿಫ್‌ನಿಂದ ನಡೆದುಕೊಂಡು ಬಂದು ಬೇಲಿ ಹೊರಗೆ ಡೇರೆ ಹಾಕಿದರು. ಮರು ವರ್ಷ ಡಿಸೆಂಬರ್ ಚಳಿಯಲ್ಲಿ 30,000 ಹೆಂಗಸರು ಕೈ ಕೈ ಹಿಡಿದು ನೆಲೆಯನ್ನೇ ಸುತ್ತುವರಿದರು. ಕ್ಷಿಪಣಿ ಬಂದೇ ಬಂತು. ಇವರೂ ಏಳಲಿಲ್ಲ. 1987ರಲ್ಲಿ ಇಂಥ ಕ್ಷಿಪಣಿ ತೆಗೆಯಲಿಕ್ಕೆ ಅಮೆರಿಕದ ರೇಗನ್, ಸೋವಿಯತ್ ಒಕ್ಕೂಟದ ಗೋರ್ಬಚೆವ್ ಒಪ್ಪಂದ ಆಯಿತು, 1991ಕ್ಕೆ ಕೊನೆಯ ಕ್ಷಿಪಣಿ ಹೋಯಿತು. ಒಪ್ಪಂದ ಇವರಿಂದಲೇ ಆಯಿತು ಅನ್ನುವುದಿಲ್ಲ, ಅದು ಜಾಸ್ತಿ ಆಗುತ್ತದೆ. ಈಗ ಅಲ್ಲಿ ದನ ಮೇಯುತ್ತವೆ. 1986ರ ಸುಮಾರಿಗೆ ಜಗತ್ತಿನಲ್ಲಿ ಇಂಥ ಬಾಂಬ್ 60,000ಕ್ಕಿಂತ ಜಾಸ್ತಿ ಇದ್ದವು, ಈಗ 12,000ದ ಆಸುಪಾಸು. ಇಷ್ಟೇ ಸಾಕು ಊರು ಸುಡಲಿಕ್ಕೆ, ಅದು ಬೇರೆ ಮಾತು.

ತಮ್ಮಾ, ಅಪ್ಪ ನಿನ್ನನ್ನು ಕೇಳಿದ್ದು ಜಗತ್ತು ಬದಲಾಗುತ್ತದಾ ಅಂತ ಅಲ್ಲ, ಒಂದು ದಿನ ರಜೆ ಹಾಕುತ್ತೀಯಾ ಅಂತ.

ಮಲೆನಾಡು_ಮಾಣಿ, ಶಿರಸಿ
ಒಂದು ಸಣ್ಣ ತಿದ್ದುಪಡಿ. ಹಿರೋಶಿಮಾದಲ್ಲಿ ಬಾಂಬ್ ಬಿದ್ದ 8:15 ಅಂದರೆ ಇಲ್ಲಿ ಬೆಳಗಿನ ಜಾವ 4:45.

ಕಾಳಿ_ದಂಡೆ, ಕಾರವಾರ
ಎಲ್ಲ ಅಪ್ಪನಿಗೆ ಓದಿ ಹೇಳಿದೆ. ದನ ಮೇಯುವುದು ಕೇಳಿ ನಕ್ಕರು. 4:45ರ ವಿಷಯ ಅವರಿಗೆ ಮೊದಲೇ ಗೊತ್ತಿತ್ತಂತೆ, “ಆ ಹೊತ್ತಿಗೆ ಬೀಚಿನಲ್ಲಿ ನಾಯಿ ಬಿಟ್ಟು ಯಾರಿರ್ತಾರೋ?” ಅಂದರು. ಮಲ್ಲಾಪುರದ ಅಣ್ಣನಿಗೆ, ಆಗಸ್ಟಿನಲ್ಲಿ ಬನ್ನಿ, ಚಹಾ ಕುಡಿಯುತ್ತಾ ವಾದ ಮಾಡೋಣ ಅಂತ ಹೇಳಲು ಹೇಳಿದ್ದಾರೆ.

ರಜೆಗೆ ಬರೆದು ಕೊಡುತ್ತೇನೆ. ಆ ರಟ್ಟಿಗೆ ಮಾತ್ರ ಏನಾದರೂ ಉಪಾಯ ಹೇಳಿ.

ಕುಮಟೆ_ಪೇಂಟರ್
ರಟ್ಟು ಬಿಡಿ. ಹಳೇ ತಗಡು ಒಂದು ತಗೊಂಡು ಉಪ್ಪುಕಾಗದ ಹಾಕಿ ತಿಕ್ಕಿ, ಮೇಲೆ ರೆಡ್ ಆಕ್ಸೈಡ್, ಒಣಗಿದ ಮೇಲೆ ಎನಾಮಲ್ ಪೇಂಟಿನಲ್ಲಿ ಬರೆಯಿರಿ. ಬರೆಯುವುದು ಏಪ್ರಿಲ್‌ನಲ್ಲೇ ಮುಗಿಸಿ, ಜೂನ್ ಬಂದರೆ ಒಣಗುವುದಿಲ್ಲ. ‘ಬೇಡ’ ದೊಡ್ಡದಾಗಿ ಇರಲಿ.