ಬಾತ್‌ರೂಮ್ ಆಗೋ ಕೋಣೆಯಲ್ಲೇ ಫ್ಯೂಸ್ ಬೋರ್ಡ್ ಇದೆ, ಎಲ್ಲಿಗೆ ಸರಿಸೋದು?

ಹಳೇಮನೆ_ಮೈಸೂರು:
1988ರ ಆರ್‌ಸಿಸಿ ಮನೆ. ಹಾಲ್ ಪಕ್ಕದ 6x8 ಅಡಿ ಸ್ಟೋರ್ ರೂಮನ್ನು ಬಾತ್‌ರೂಮ್ ಮಾಡಿಸ್ತಿದ್ದೇವೆ. ಅದರ ಗೋಡೆಯಲ್ಲಿ ಮರದ ಬೋರ್ಡು, ಆರು ಪಿಂಗಾಣಿ ಫ್ಯೂಸ್, ಪಕ್ಕದಲ್ಲಿ ಕಬ್ಬಿಣದ ಮೇನ್ ಸ್ವಿಚ್. ಅದೇ ಗೋಡೆಯಲ್ಲಿ ಹಾಲ್ ಕಡೆಗೆ ತಿರುಗಿಸಿ ಕೂರಿಸಿದ್ರೆ ವೈರ್ ಉದ್ದ ಸಾಲುತ್ತೆ ಅಂತಾರೆ ಮೇಸ್ತ್ರಿ. ಗೋಡೆ ನಾಲ್ಕೂವರೆ ಇಂಚು. ಮೀಟರ್ ವರಾಂಡದಲ್ಲಿದೆ, ಸಿಂಗಲ್ ಫೇಸ್. ಯುಪಿಎಸ್ ಇದೆ, ಹೊಸದಾಗಿ 3 ಕಿಲೋವ್ಯಾಟ್ ಗೀಸರ್ ಬರುತ್ತೆ. ಮೇಸ್ತ್ರಿ ಹೇಳಿದ್ದು ಸರಿನಾ?

ಮೂರುಫೇಸ್:
ಬೋರ್ಡ್ ಆಚೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದೇ ಗೋಡೆಗೆ ಬೇಡ.

ಎಂಟು ವೇ ಡಬಲ್ ಡೋರ್ ಡಿಬಿ (ಫ್ಯೂಸ್ ಬೋರ್ಡಿನ ಬದಲು ಬರೋ ಸ್ವಿಚ್ ಪೆಟ್ಟಿಗೆ) ಹೂಳೋಕೆ ಮೂರು ಇಂಚಿನಷ್ಟು ಕೊರೀಬೇಕು. ಉಳಿಯೋದು ಒಂದೂವರೆ, ಅದರಲ್ಲೂ ಅರ್ಧ ಇಂಚು ಗಾರೆ. ಆ ಕಡೆಯಿಂದ ಪ್ಲಂಬರ್ ಶವರ್ ಪೈಪಿಗೆ ಕಟಿಂಗ್ ಹೊಡೆದ್ರೆ ಮಧ್ಯೆ ಗೋಡೆಯೇ ಇರಲ್ಲ. ಟೈಲ್ ಸಂದಿಯಲ್ಲಿ ಇಳಿದ ನೀರು ನೇರ ಡಿಬಿ ಬೆನ್ನಿಗೆ. ಮೊದಲು ಪೆಟ್ಟಿಗೆಯ ಕೆಳಮೂಲೆಯಲ್ಲಿ ಬಣ್ಣ ಉಬ್ಬುತ್ತೆ, ಆಮೇಲೆ ನ್ಯೂಟ್ರಲ್ ವೈರ್‌ಗಳೆಲ್ಲ ಸೇರೋ ಹಿತ್ತಾಳೆ ಪಟ್ಟಿಗೆ, ಅಂದ್ರೆ ನ್ಯೂಟ್ರಲ್ ಲಿಂಕಿಗೆ, ಹಸಿರು ಕಿಲುಬು. ಕಿಲುಬು ಹಿಡಿದ ಸ್ಕ್ರೂ ಕೆಳಗೆ ವೈರ್ ಬಿಸಿಯಾಗಿ ಕಪ್ಪಾದ್ರೂ ಎಂಸಿಬಿ ಅನ್ನೋ ರಕ್ಷಣಾ ಸ್ವಿಚ್ ಬೀಳಲ್ಲ (ತಾನಾಗೇ ಆಫ್ ಆಗಲ್ಲ). ಕರೆಂಟ್ ಹೆಚ್ಚಾಗಿದ್ರೆ ತಾನೇ ಅದು ಬೀಳೋದು?

ಹಾಲ್‌ನಲ್ಲಿ ಒಂಬತ್ತು ಇಂಚಿನ ಗೋಡೆ ಇದ್ರೆ ಅಲ್ಲಿ, ನೆಲದಿಂದ ಐದಡಿ ಎತ್ತರಕ್ಕೆ ಇಡಿ. ಇಲ್ಲದಿದ್ರೆ ಕೊರೆಯದೆ ಗೋಡೆ ಮೇಲೇ ಕೂರೋ ಸರ್ಫೇಸ್ ಡಿಬಿ. ಚೆಂದ ಕಮ್ಮಿ, ತಲೆನೋವೂ ಕಮ್ಮಿ.

ಹಳೇ ಫ್ಯೂಸ್‌ಗಳನ್ನ ಹೊತ್ತೊಯ್ದು ಮತ್ತೆ ಹಾಕಬೇಡಿ. 40 ಆಂಪ್ ಡಬಲ್ ಪೋಲ್ ಐಸೊಲೇಟರ್ (ಮೇನ್ ಸ್ವಿಚ್), 40 ಆಂಪ್ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಬೀಳೋ ಸ್ವಿಚ್), ಲೈಟಿಗೆ 10 ಆಂಪ್, ಗೀಸರಿಗೆ 20 ಆಂಪ್ ಎಂಸಿಬಿ. ಮೀಟರಿನಿಂದ ಡಿಬಿಗೆ 25 ಎಂಎಂ ಪೈಪಿನಲ್ಲಿ 6 ಚದರ ಎಂಎಂ ತಾಮ್ರದ ವೈರ್ ಮೂರು: ಫೇಸ್, ನ್ಯೂಟ್ರಲ್, ಹಸಿರು ಅರ್ತ್. ಆ ವೈರಿನ ಕಾವಲಿಗೆ ಮೀಟರ್ ಪಕ್ಕ 32 ಆಂಪ್ ಡಬಲ್ ಪೋಲ್ ಎಂಸಿಬಿ. ಗೀಸರ್ ಎಳೆಯೋದು ಸುಮಾರು 13 ಆಂಪ್, ಅದಕ್ಕೆ 4 ಚದರ ಎಂಎಂ ವೈರ್, ಸ್ವಿಚ್ ಬಾಗಿಲಾಚೆ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ನೋಡಿ. 2 ಕಿಲೋವ್ಯಾಟ್ ಅಂತಿದ್ರೆ ವಿದ್ಯುತ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ. ಮೀಟರ್ ಸೀಲ್ ಮಾತ್ರ ಅವರೇ ಮುಟ್ಟಬೇಕು.

ಹಳೇಮನೆ_ಮೈಸೂರು:
ಥ್ಯಾಂಕ್ಸ್ ಸರ್. ಹಾಗಾದ್ರೆ ವೈರ್ ಗಿಡ್ಡ ಆಗುತ್ತಲ್ಲ? ಹಳೇ ಬೋರ್ಡ್ ಜಾಗದಲ್ಲೇ ಜಾಯಿಂಟ್ ಮಾಡಿ, ಪ್ಲೇಟ್ ಮುಚ್ಚಿ, ಮೇಲೆ ಟೈಲ್ ಹಾಕಿಬಿಡಬಹುದಾ?

ಜಂಕ್ಷನ್‌ಬಾಕ್ಸ್:
ಬೇಡವೇ ಬೇಡ. ಜಾಯಿಂಟ್ ಯಾವತ್ತೂ ಬಿಚ್ಚಿ ನೋಡೋಕೆ ಸಿಗೋ ಜಾಗದಲ್ಲಿರಬೇಕು. ಟೈಲ್ ಹಿಂದೆ ಸಡಿಲಾದ ಒಂದು ಜಾಯಿಂಟ್ ಹುಡುಕೋಕೆ ಇಡೀ ಗೋಡೆ ಒಡೀಬೇಕಾಗುತ್ತೆ.

ಆ ಕಾಲದ ಮನೆಗಳಲ್ಲಿ ಪೈಪ್ ಸಾಮಾನ್ಯವಾಗಿ ಸ್ಲ್ಯಾಬಿನಿಂದ ಬೋರ್ಡಿಗೆ ಇಳಿದಿರುತ್ತೆ. ಗೋಡೆಯ ತಲೆಯಲ್ಲಿ ಅಥವಾ ಹಾಲ್ ಸೀಲಿಂಗಿನಲ್ಲಿ ಜಂಕ್ಷನ್ ಬಾಕ್ಸ್ ಇದೆಯಾ ನೋಡಿ. ಇದ್ರೆ ವೈರ್‌ಗಳನ್ನ ಅಲ್ಲಿವರೆಗೆ ಹಿಂದಕ್ಕೆ ಎಳೆದು, ಅಲ್ಲಿಂದ ಹೊಸ ಡಿಬಿಗೆ ಪೈಪ್ ಇಳಿಸಿ, ಹೊಸ ವೈರನ್ನ ಒಂದೇ ಉದ್ದಕ್ಕೆ ಸ್ವಿಚ್ ಬೋರ್ಡ್‌ವರೆಗೆ ಹಾಕಿ. ಹಳೇ ವೈರೇ ಎಳೆದಾರ: ತುದಿಗೆ ಹೊಸದನ್ನ ಕೊಕ್ಕೆ ಮಾಡಿ ಕಟ್ಟಿ, ಟೇಪ್ ಬಿಗಿಯಾಗಿ ಸುತ್ತಿ, ಒಬ್ಬರು ತಳ್ಳಬೇಕು, ಇನ್ನೊಬ್ಬರು ಎಳೀಬೇಕು. ಒಬ್ಬರೇ ಜಗ್ಗಿದ್ರೆ ಬೆಂಡಿನಲ್ಲಿ ಕಿತ್ತುಕೊಂಡು ಬರುತ್ತೆ, ಅಲ್ಲಿಗೆ ಆ ಪೈಪ್ ಕಥೆ ಮುಗೀತು.

ಒಳಗೆ 3/20, 7/20 ವೈರ್ (20 ಗೇಜಿನ ಮೂರು ಎಳೆ, ಏಳು ಎಳೆ) ಸಿಗಬಹುದು. ಈಗಿನ ಲೆಕ್ಕದಲ್ಲಿ ಸುಮಾರು 2 ಮತ್ತು 4.5 ಚದರ ಎಂಎಂ. ದಪ್ಪ ಸಾಕು, ಆದ್ರೆ ಬಗ್ಗಿಸಿದಾಗ ಮೇಲಿನ ಪಿವಿಸಿ ಬಿರುಕು ಬಿಟ್ರೆ ಬದಲಾಯಿಸಲೇಬೇಕು.

ನ್ಯೂಟ್ರಲ್_ಲಿಂಕ್:
ಯುಪಿಎಸ್ ವಿಷಯ ಯಾರೂ ಹೇಳಿಲ್ಲ. ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ ತಾನಾಗೇ ಆನ್ ಆಗುತ್ತೆ, ಲೈಟ್ ಲೈನ್‌ಗಳಲ್ಲಿ 230 ವೋಲ್ಟ್ ಹಾಗೇ ಇರುತ್ತೆ. ಅದರ ಸ್ವಿಚ್ ಆಫ್ ಮಾಡಿ, ಔಟ್‌ಪುಟ್ ಪ್ಲಗ್ ಕಿತ್ತು, ಪ್ರತಿ ವೈರಿಗೂ ಟೆಸ್ಟರ್ ಇಟ್ಟು ನೋಡಿದ ಮೇಲೇ ಕೈ ಹಾಕಿ.

ಎರಡನೇದು, ಬಿಚ್ಚೋ ಮೊದಲೇ ಪ್ರತಿ ಫ್ಯೂಸ್ ಯಾವ ಕೋಣೆಯದು, ಅದರ ನ್ಯೂಟ್ರಲ್ ಯಾವುದು ಅಂತ ಚೀಟಿ ಅಂಟಿಸಿ. ಬಾತ್‌ರೂಮಿಗೆ ಬೇರೆ ಆರ್‌ಸಿಸಿಬಿ ಹಾಕ್ತೀರಾದ್ರೆ ಅದರ ನ್ಯೂಟ್ರಲ್ ಲಿಂಕೂ ಬೇರೆ ಇರಬೇಕು. ಗೀಸರ್ ಫೇಸ್ ಒಂದು ಆರ್‌ಸಿಸಿಬಿಯಿಂದ, ನ್ಯೂಟ್ರಲ್ ಇನ್ನೊಂದರಿಂದ ಬಂದ್ರೆ ಸ್ವಿಚ್ ಹಾಕಿದ ಕ್ಷಣವೇ ಎರಡೂ ಬೀಳುತ್ತೆ. ಯುಪಿಎಸ್‌ಗೆ ಫೇಸನ್ನ ಆರ್‌ಸಿಸಿಬಿಗಿಂತ ಮೊದಲು ತಗೊಂಡು ನ್ಯೂಟ್ರಲನ್ನ ಆರ್‌ಸಿಸಿಬಿಯಾಚೆಯ ಲಿಂಕಿಗೆ ಸೇರಿಸಿದ್ರೂ ಇದೇ ಗತಿ. ಆಗ ಕೆಲವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗ್ತಾರೆ, ಹಾಗೆ ಮಾಡೋಕೆ ಬಿಡಬೇಡಿ.

ಹಳೇ ಬೋರ್ಡಿನಲ್ಲಿ ನ್ಯೂಟ್ರಲ್‌ಗೂ ಫ್ಯೂಸ್ ಇದ್ರೆ ತೆಗೆಸಿ. ಅದು ಮಾತ್ರ ಸುಟ್ಟಾಗ ಲೈಟ್ ಉರಿಯಲ್ಲ, ಆದ್ರೆ ಹೋಲ್ಡರ್‌ನಲ್ಲಿ ಫೇಸ್ ಇದ್ದೇ ಇರುತ್ತೆ.

ಮೂರುಫೇಸ್:
ಹೌದು, ಯುಪಿಎಸ್ ಮರೆತಿದ್ದೆ. ಇನ್ನೊಂದು: ಡಿಬಿ ಕೆಲಸ ಪೂರ್ತಿ ಮುಗಿಸಿ ಆಮೇಲೆ ಬಾತ್‌ರೂಮ್ ಗೋಡೆ ಒಡೆಸಿ. ಟೈಲ್ ಹಾಕೋ ಮೊದಲು ಬಲ್ಬು, ಉಪಕರಣ ಎಲ್ಲ ತೆಗೆದು 500 ವೋಲ್ಟ್ ಮೆಗ್ಗರ್‌ನಲ್ಲಿ (ವೈರಿನ ಇನ್ಸುಲೇಶನ್ ಅಳೆಯೋ ಸಾಧನ) ಪ್ರತಿ ಲೈನ್ ನೋಡಿಸಿ, 1 ಮೆಗಾಓಮ್‌ಗಿಂತ ಕಮ್ಮಿ ಬಂದ ವೈರನ್ನ ಬದಲಾಯಿಸಿ. ಆರ್‌ಸಿಸಿಬಿಯ ಟಿ (ಟೆಸ್ಟ್) ಗುಂಡಿ ಒತ್ತಿದಾಗ ಬಿತ್ತು ಅಂದ್ರೆ ಆ ಉಪಕರಣ ಸರಿಯಿದೆ ಅಂತಷ್ಟೇ, ಅರ್ತ್ ಸರಿಯಿದೆ ಅಂತಲ್ಲ. ಅರ್ತ್ ಪಿಟ್ಟನ್ನ ಬೇರೆಯಾಗೇ ಅಳೆಸಬೇಕು.