ಗಡಿ ದಾಟಿ ಬಂದವರನ್ನು ಶೀರ್ಷಿಕೆಯಲ್ಲಿ ಏನೆಂದು ಕರೆಯಬೇಕು?

ಪ್ರಶ್ನೆ:
ಹನ್ನೊಂದು ವರ್ಷಗಳಿಂದ ಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ವಿದೇಶಿ ಸುದ್ದಿಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈಚೆಗೆ ಸಮುದ್ರದಲ್ಲಿ ದೋಣಿ ಮಗುಚಿದ ಸುದ್ದಿ ಬಂತು. ನಾನು ‘ವಲಸಿಗರು’ ಎಂದು ಬರೆದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಶೀರ್ಷಿಕೆಯಲ್ಲಿ ‘ನುಸುಳುಕೋರರು’ ಎಂದಿತ್ತು. ಸತ್ತವರಲ್ಲಿ ಒಂದು ಕೈಗೂಸೂ ಇತ್ತು. ಆ ಕೂಸಿಗೂ ಅದೇ ಹೆಸರು ಅಂಟಿತಲ್ಲ ಎಂದು ಇಡೀ ದಿನ ಸಂಕಟವಾಯಿತು. ಕೇಳಿದರೆ, ‘ಓದುಗರಿಗೆ ತಟ್ಟನೆ ಅರ್ಥವಾಗುತ್ತದೆ’ ಎಂದರು. ನೀವಾಗಿದ್ದರೆ ಯಾವ ಪದ ಬಳಸುತ್ತಿದ್ದಿರಿ?

ಉತ್ತರ 1:
ಆ ‘ಕೋರ’ ಎಂಬ ಬಾಲವನ್ನೇ ನೋಡಿ. ಲಂಚಕೋರ, ದಂಗೆಕೋರ, ದಾಳಿಕೋರ. ಅದು ಅಂಟಿದರೆ ವಿಚಾರಣೆಗೆ ಮೊದಲೇ ತೀರ್ಪು ಕೊಟ್ಟಂತೆ. ‘ಆಶ್ರಯ ಕೋರಿ ಬಂದವರು’ ಎನ್ನುವಾಗಿನ ಕೋರುವಿಕೆ ಬೇರೆಯದೇ; ಅಲ್ಲಿ ಮನುಷ್ಯ ಕೈಯೊಡ್ಡಿ ನಿಂತಿರುತ್ತಾನೆ.

ಉತ್ತರ 2:
ಕನಿಕರ ಸರಿ, ಆದರೆ ಕಾನೂನು ಮೀರಿದ್ದನ್ನು ಮುಚ್ಚಿಡುವುದೂ ತಪ್ಪು. ಅನುಮತಿಯಿಲ್ಲದೆ ಬಂದಿದ್ದರೆ ‘ಅಕ್ರಮ’ ಎನ್ನುವುದರಲ್ಲಿ ಸುಳ್ಳೇನಿದೆ?

ಉತ್ತರ 3:
ಮುಚ್ಚಿಡಬೇಕಿಲ್ಲ, ಪದ ಎಲ್ಲಿ ಕೂರುತ್ತದೆ ಎಂಬುದಷ್ಟೇ ಪ್ರಶ್ನೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2013ರ ಏಪ್ರಿಲ್‌ನಲ್ಲಿ ತನ್ನ ಶೈಲಿ ಕೈಪಿಡಿಯಿಂದ ‘ಅಕ್ರಮ ವಲಸಿಗ’ ಎಂಬುದನ್ನು ಕೈಬಿಟ್ಟಿತು. ‘ಅಕ್ರಮ’ ಕೃತ್ಯಕ್ಕೆ ಸಲ್ಲುತ್ತದೆ, ವ್ಯಕ್ತಿಗಲ್ಲ ಎಂಬುದು ಅದರ ನಿಲುವು. ‘ದಾಖಲೆರಹಿತ’ ಎಂಬ ಹಣೆಪಟ್ಟಿಯನ್ನೂ ಅದು ಒಪ್ಪಲಿಲ್ಲ. ಇನ್ನು 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿ: ಜೀವಕ್ಕೆ ಅಪಾಯವಿದ್ದಲ್ಲಿಂದ ನೇರವಾಗಿ ಬಂದ ನಿರಾಶ್ರಿತರು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ತಕ್ಕ ಕಾರಣ ತಿಳಿಸಿದರೆ, ಅನುಮತಿಯಿಲ್ಲದೆ ಒಳಬಂದದ್ದಕ್ಕೆ ಅವರನ್ನು ದಂಡಿಸುವಂತಿಲ್ಲ. ದೋಣಿಯಲ್ಲಿದ್ದವರಲ್ಲಿ ಅಂಥವರು ಯಾರೆಂದು ಶೀರ್ಷಿಕೆ ಬರೆಯುವವರಿಗೆ ಹೇಗೆ ತಿಳಿಯಬೇಕು?

ಉತ್ತರ 4:
ಹಾಗೆಂದು ಎಲ್ಲರನ್ನೂ ‘ನಿರಾಶ್ರಿತರು’ ಎನ್ನಬೇಡಿ. ನೆರೆಯಲ್ಲಿ ಮನೆ ಕಳೆದುಕೊಂಡವರಿಗೂ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರಿಗೂ ಕನ್ನಡದಲ್ಲಿ ಅದೇ ಪದ ಬಳಸಿ ಸವೆಸಿದ್ದೇವೆ. ಒಪ್ಪಂದದಲ್ಲಿ ಅದಕ್ಕಿರುವ ಅರ್ಥ ಬಿಗಿಯಾದುದು: ಕಿರುಕುಳದ ಭಯದಿಂದ ದೇಶ ಬಿಟ್ಟವರು. 2015ರಲ್ಲಿ ಕತಾರ್‌ನ ಸುದ್ದಿವಾಹಿನಿ ಅಲ್ ಜಜೀರಾ, ಮೆಡಿಟರೇನಿಯನ್ ದಾಟುವವರನ್ನು ಒಟ್ಟಾಗಿ ‘ವಲಸಿಗರು’ ಎನ್ನುವುದನ್ನು ನಿಲ್ಲಿಸಿತು. ಆ ಪದ ಅವರನ್ನು ಮನುಷ್ಯರೆಂದೇ ಕಾಣದಂತೆ ಮಾಡುತ್ತದೆ ಎಂಬ ವಾಹಿನಿಯ ಕಾಳಜಿ ನನಗೂ ಇದೆ. ಆದರೂ ಏನೂ ಗೊತ್ತಿಲ್ಲದಾಗ ‘ವಲಸಿಗರು’ ಎಂಬುದೇ ಪ್ರಾಮಾಣಿಕ ಪದ. ಅದಕ್ಕಿಂತ ‘ವಲಸಿಗರ ಮಹಾಪೂರ’ ಎಂದು ಬರೆಯುವುದು ನಿಲ್ಲಲಿ. ಪ್ರವಾಹಕ್ಕೆ ಒಡ್ಡು ಕಟ್ಟುವುದು ಬಿಟ್ಟರೆ ಬೇರೇನು ಹೊಳೆಯುತ್ತದೆ?

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಋಣಿ. ‘ಕೋರ’ದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ, ಇಷ್ಟು ವರ್ಷ ಕಣ್ಣೆದುರೇ ಇತ್ತು. ಆ ಶೀರ್ಷಿಕೆಯನ್ನು ಮತ್ತೆ ಬರೆದು ನೋಡಿದೆ: ‘ದೋಣಿ ಮಗುಚಿ ಕೂಸು ಸೇರಿ ಹಲವರ ಸಾವು’. ಎರಡು ಕಾಲಂಗೆ ಸರಿಯಾಗಿ ಹೊಂದುತ್ತದೆ. ಯಾರು, ಎಲ್ಲಿಂದ ಹೊರಟಿದ್ದರು, ಅನುಮತಿ ಇತ್ತೇ ಎಂಬುದೆಲ್ಲ ಮೊದಲ ಪ್ಯಾರಾದಲ್ಲಿ ಬರಲಿ. ಈ ರಾತ್ರಿ ಪುಟ ನೋಡುವವರ ಮೇಜಿನ ಮೇಲೆ ಎರಡೂ ಶೀರ್ಷಿಕೆಗಳನ್ನು ಅಕ್ಕಪಕ್ಕ ಇಡುತ್ತೇನೆ.